ಗಿಜಿಗುಡುವ ಹಸಿರಿನ ನಡುವೆ ಹಕ್ಕಿಯ ಫೋಟೊ ತೆಗೆಯುವುದು ಹೇಗೆ?

ಮಲೆನಾಡಿನ ಕಾಫಿ ತೋಟದಲ್ಲಿ ಹಕ್ಕಿಗಳಿಗೆ ಬರವಿಲ್ಲ. ಬರ ಇರುವುದು ಖಾಲಿ ಹಿನ್ನೆಲೆಗೆ. ಮೂಡಿಗೆರೆ ಕಡೆ ಹೋಗಿ, ಸಕಲೇಶಪುರದ ಕಡೆ ಹೋಗಿ, ಪಿಕಳಾರದ ಹಿಂದೆ ಮೆಣಸಿನ ಬಳ್ಳಿ, ಅದರ ಹಿಂದೆ ಸಿಲ್ವರ್ ಓಕ್, ಎಲೆಗಳ ಸಂದಿಯಲ್ಲೆಲ್ಲ ಬಿಸಿಲು. ಕಣ್ಣಿಗೆ ಚೆನ್ನಾಗಿ ಕಂಡ ಹಕ್ಕಿಯನ್ನು ಫೋಟೊದಲ್ಲಿ ಹುಡುಕಬೇಕು. ಚಳಿ ಇಳಿಯುವ ಹೊತ್ತಿಗೆ ಹಾಲುವಾಣ ಕೆಂಪಗೆ ಹೂ ಬಿಟ್ಟರಂತೂ ಕೇಳುವುದೇ ಬೇಡ. ಮಕರಂದಕ್ಕೆ ಮೈನಾ, ಕಾಜಾಣ, ಸೂರಕ್ಕಿ ಎಲ್ಲ ಒಟ್ಟಿಗೆ ಬರುತ್ತವೆ. ಅಂಥ ಒಂದು ಮರವನ್ನೇ ಇಟ್ಟುಕೊಂಡು ನೋಡೋಣ.

1. ಮೊದಲು ಜಾಗ, ಆಮೇಲೆ ಹಕ್ಕಿ

ತೋಟದವರಿಗೆ ಹೇಳಿ ಒಳಗೆ ಹೋಗಿ. ಕ್ಯಾಮೆರಾ ಹೆಗಲಲ್ಲೇ ಇರಲಿ. ಮರಕ್ಕೆ ದೂರದಿಂದ ಒಂದು ಸುತ್ತು ಹಾಕಿ, ಯಾವ ಕೊಂಬೆಯ ಹಿಂದೆ ಏನಿದೆ ನೋಡಿ. 400 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್ 5.6, ಹಕ್ಕಿ 8 ಮೀಟರ್ ದೂರ ಅಂದರೆ ಫೋಕಸ್‌ನಲ್ಲಿ ಸಿಗುವ ಆಳ ಒಂದು ಗೇಣೂ ಇಲ್ಲ. ಹಾಗಾದರೆ ಹಿನ್ನೆಲೆ ತಾನಾಗೇ ಮಸುಕಾಗಬೇಕಲ್ವಾ? ಆಗುತ್ತದೆ, ಅದು ದೂರ ಇದ್ದರೆ. ಹಕ್ಕಿಯಿಂದ 1 ಮೀಟರ್ ಹಿಂದಿರುವ ಎಲೆ ಎಲೆಯಾಗಿಯೇ ಕಾಣುತ್ತದೆ. 20 ಮೀಟರ್ ಹಿಂದಿದ್ದರೆ ಬರೀ ಬಣ್ಣ.

ನಮ್ಮ ತೋಟಗಳ ಇಳಿಜಾರು ಇಲ್ಲಿ ಕೆಲಸಕ್ಕೆ ಬರುತ್ತದೆ. ಮರದ ಬುಡದಲ್ಲಿ ನಿಂತರೆ ಸಿಗುವುದು ಹಕ್ಕಿಯ ಹೊಟ್ಟೆ, ಹಿಂದೆ ಬೆಳ್ಳನೆ ಆಕಾಶ. ಮೇಲಿನ ಜೀಪ್ ದಾರಿಗೆ ಹತ್ತಿ. ಅದೇ ಮರದ ನೆತ್ತಿ ಈಗ ನಿಮ್ಮ ಕಣ್ಣಿನ ಮಟ್ಟಕ್ಕಿದೆ, ಹಿಂದೆ ಕಣಿವೆಯಾಚೆಯ ಗುಡ್ಡ. ಬೆಳಗ್ಗೆ ಮರಕ್ಕೆ ಬಿಸಿಲು ಬಿದ್ದು ಗುಡ್ಡ ಇನ್ನೂ ನೆರಳಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಪರದೆ ಇಲ್ಲ. ಬಯಲುಸೀಮೆಯವರು ಇದಕ್ಕೆ ಏಣಿಯೇ ಹಾಕಬೇಕೇನೋ! ಆಮೇಲೂ ತಲೆಯ ಹಿಂದೆ ಬಿಸಿಲಿನ ಚುಕ್ಕೆ ಹೊಳೆಯುತ್ತಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಸಾಕು.

2. ಬೆಳಕಿನ ಲೆಕ್ಕ

ಕಾಜಾಣ ಕಪ್ಪು, ಬೆಳ್ಳಕ್ಕಿ ಬಿಳಿ ಎಂದು ಕ್ಯಾಮೆರಾಗೆ ಗೊತ್ತಿಲ್ಲ. ಎಲ್ಲವನ್ನೂ ನಡುಬೂದು ಮಾಡಲು ನೋಡುತ್ತದೆ. ಕಾಜಾಣದ ಹಿಂದೆ ಆಕಾಶವೇ ಇದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊವನ್ನು ಬೆಳಗಿಸುವ, ಮಂಕಾಗಿಸುವ ಸೆಟಿಂಗ್) +1ರಿಂದ +2ರವರೆಗೆ ಏರಿಸಿ. ಇಲ್ಲದಿದ್ದರೆ ಸಿಗುವುದು ಕಪ್ಪು ಮುದ್ದೆ. ಗೊರೂರಿನ ಹಿನ್ನೀರಿನಲ್ಲಿ ನಿಂತ ಬೆಳ್ಳಕ್ಕಿಗೆ ಇದು ಉಲ್ಟಾ. ಹಿಂದೆ ನೆರಳಿನ ನೀರಿದ್ದರೆ -0.7 ಅಥವಾ -1ಕ್ಕೆ ಇಳಿಸಿ. ಹೈಲೈಟ್ ಎಚ್ಚರಿಕೆ ಆನ್ ಇಡಿ, ಬೆಳಕು ಜಾಸ್ತಿಯಾಗಿ ಬರೀ ಬಿಳಿಯಾದ ಭಾಗ ಪರದೆಯಲ್ಲಿ ಮಿನುಗುತ್ತದೆ. ಆಕಾಶ ಮಿನುಗಿದರೆ ಬಿಟ್ಟುಬಿಡಿ, ಗರಿ ಮಿನುಗಿದರೆ ಮಾತ್ರ ಇಳಿಸಿ. ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ, ಆಮೇಲೆ ತಿದ್ದಲು ಜಾಸ್ತಿ ಅವಕಾಶ ಇರುತ್ತದೆ.

3. ಫೋಕಸ್

ಎಲ್ಲ ಫೋಕಸ್ ಪಾಯಿಂಟ್‌ಗಳನ್ನೂ ಆನ್ ಇಟ್ಟರೆ ಕ್ಯಾಮೆರಾ ಮುಂದಿನ ಕಡ್ಡಿಯನ್ನೇ ಹಿಡಿಯುತ್ತದೆ. ಒಂದೇ ಪಾಯಿಂಟ್ ಆರಿಸಿ, ಹಕ್ಕಿಯ ಕಣ್ಣಿನ ಮೇಲಿಡಿ. ಕಣ್ಣು ಗುರುತಿಸುವ ಹೊಸ ಕ್ಯಾಮೆರಾಗಳೂ ರೆಂಬೆಗಳ ನಡುವೆ ಎಡವುತ್ತವೆ, ಪೂರ್ತಿ ನಂಬಬೇಡಿ.

4. ಕಾಯುವುದು

ಹಕ್ಕಿಯ ಹಿಂದೆ ಓಡಿದರೆ ಹಿನ್ನೆಲೆ ಕೈತಪ್ಪುತ್ತದೆ. ಹಿಂದೆ ಗುಡ್ಡ ಇರುವ ಒಂದು ಹೂಗೊಂಚಲು ಆರಿಸಿ, ಅದಕ್ಕೇ ಫೋಕಸ್ ಮಾಡಿ ಸುಮ್ನೆ ನಿಲ್ಲಿ. ಮೈನಾಗಳು ಗೊಂಚಲಿಂದ ಗೊಂಚಲಿಗೆ ಹಾರುತ್ತಾ ಅಲ್ಲಿಗೂ ಬರುತ್ತವೆ. ಶಟರ್ ವೇಗ 1/1000 ಸೆಕೆಂಡ್ ಇರಲಿ, ಸೂರಕ್ಕಿಗೆ ಇನ್ನೂ ಜಾಸ್ತಿ ವೇಗ.

ಗೂಡಿನ ಹತ್ತಿರ ಮಾತ್ರ ಈ ಯಾವ ಉಪಾಯವೂ ಬೇಡ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ನೀರಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೋಣಿ ಹತ್ತಿರ ಹೋಗಿ ಹಕ್ಕಿ ಎದ್ದುಹೋದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ.

ಮನೆಗೆ ಬಂದ ಮೇಲೆ ಹೈಲೈಟ್ ಸ್ವಲ್ಪ ತಗ್ಗಿಸಿ, ಕ್ರಾಪ್ ಮಾಡಿ. ಮೊಬೈಲ್ ಆ್ಯಪ್‌ನಲ್ಲಿ ಹಿನ್ನೆಲೆ ಮಸುಕು ಮಾಡುವುದು ನನಗೆ ಇಷ್ಟವಿಲ್ಲ. ಹಿನ್ನೆಲೆಯ ಜೊತೆ ಪಿಕಳಾರದ ಜುಟ್ಟೂ ಅರ್ಧ ಮಾಯವಾಗಿರುತ್ತದೆ.