ವಿಂಡೋಸ್‌ನಲ್ಲಿ ಲೋಕಲ್ ವೆಬ್ ಸರ್ವರ್: ಕ್ಸಾಂಪ್ ಹಾಕುವುದು, ಕೈಕೊಟ್ಟಾಗ ಸರಿಪಡಿಸುವುದು

ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಫೈಲನ್ನು ನೇರವಾಗಿ ಬ್ರೌಸರ್‌ಗೆ ಎಳೆದು ಹಾಕಿದರೆ ಕೋಡ್ ಓಡುವುದಿಲ್ಲ. ಅದನ್ನು ಓಡಿಸಿ, ಬಂದ ಎಚ್‌ಟಿಎಂಎಲ್ ಅನ್ನು ಬ್ರೌಸರ್‌ಗೆ ಕೊಡಲು ನಡುವೆ ಸರ್ವರ್ ಇರಬೇಕು. ಕಲಿಯುವವರಿಗೆ ವಿಂಡೋಸ್‌ನಲ್ಲಿ ಸಲೀಸಾದ ದಾರಿ ಕ್ಸಾಂಪ್. ಇದರಲ್ಲಿ ಅಪಾಚೆ ಎಂಬ ವೆಬ್ ಸರ್ವರ್, ಮರಿಯಾಡಿಬಿ ಎಂಬ ಡೇಟಾಬೇಸ್, ಪಿಎಚ್‌ಪಿ, ಪರ್ಲ್ ಭಾಷೆಗಳು ಎಲ್ಲವೂ ಒಟ್ಟಿಗೆ ಬರುತ್ತವೆ. ಕಂಟ್ರೋಲ್ ಪ್ಯಾನಲ್‌ನಲ್ಲಿ ಮೈಎಸ್‌ಕ್ಯೂಎಲ್ ಎಂದು ಬರೆದಿದ್ದರೂ ಒಳಗಿರುವುದು ಮರಿಯಾಡಿಬಿ.

ಇನ್‌ಸ್ಟಾಲರ್ ತೋರಿಸುವ ಜಾಗದಲ್ಲೇ, ಅಂದರೆ ಸಿ ಡ್ರೈವ್‌ನ ಕ್ಸಾಂಪ್ ಫೋಲ್ಡರ್‌ನಲ್ಲೇ ಹಾಕಿ. ಪ್ರೋಗ್ರಾಂ ಫೈಲ್ಸ್ ಬೇಡ. ಅಲ್ಲಿ ಬರೆಯಲು ವಿಂಡೋಸ್ ತಡೆಯೊಡ್ಡುತ್ತದೆ. ಫೈರ್‌ವಾಲ್ ಅನುಮತಿ ಕೇಳಿದರೆ ಪಬ್ಲಿಕ್ ನೆಟ್‌ವರ್ಕ್‌ಗೆ ಖಂಡಿತ ಕೊಡಬೇಡಿ. ಡೇಟಾಬೇಸ್‌ನ ರೂಟ್ ಖಾತೆಗೆ ಮೊದಲಿಗೆ ಪಾಸ್‌ವರ್ಡ್ ಇರುವುದಿಲ್ಲ, ಹಾಗಾಗಿ ಇದನ್ನು ಹೊರಗಿನವರಿಗೆ ತೆರೆದಿಡುವಂತಿಲ್ಲ. ಅಪಾಚೆ, ಮೈಎಸ್‌ಕ್ಯೂಎಲ್ ಎರಡಕ್ಕೂ ಸ್ಟಾರ್ಟ್ ಒತ್ತಿ. ಹೆಸರುಗಳು ಹಸಿರಾದ ಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ತೆರೆದು ನೋಡಿ.

ಅಪಾಚೆ ಹಸಿರಾಗಿ ಮರುಕ್ಷಣವೇ ನಿಂತುಹೋದರೆ ಹೆಚ್ಚಾಗಿ ಅದು ಪೋರ್ಟ್ ಜಗಳ, ಅಂದರೆ ಅಪಾಚೆಗೆ ಬೇಕಾದ ಪೋರ್ಟನ್ನು (ಸಂಪರ್ಕದ ಬಾಗಿಲ ಸಂಖ್ಯೆ) ಇನ್ನೊಂದು ಪ್ರೋಗ್ರಾಂ ಹಿಡಿದಿರುತ್ತದೆ. ಆಗ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವವರೇ ಜಾಸ್ತಿ. ಅದರಿಂದ ಏನೂ ಆಗದು, ಪೋರ್ಟ್ ಹಿಡಿದಿರುವ ಪ್ರೋಗ್ರಾಂ ಬೇರೆಯೇ ಇರುತ್ತದೆ. ಅಪಾಚೆಗೆ 80 ಮತ್ತು 443, ಡೇಟಾಬೇಸ್‌ಗೆ 3306 ಬಿಡುವಾಗಿರಬೇಕು. ಪ್ಯಾನಲ್‌ನ ನೆಟ್‌ಸ್ಟ್ಯಾಟ್ ಬಟನ್ ಒತ್ತಿದರೆ ಯಾವುದನ್ನು ಯಾರು ಹಿಡಿದಿದ್ದಾರೆಂದು ತಿಳಿಯುತ್ತದೆ. 80ರ ಎದುರು ಸಿಸ್ಟಂ ಎಂದೂ ಪಿಐಡಿ (ಪ್ರೋಗ್ರಾಂನ ಗುರುತು ಸಂಖ್ಯೆ) 4 ಎಂದೂ ಕಂಡರೆ ಬಹುಪಾಲು ವಿಂಡೋಸ್‌ನದೇ ವೆಬ್ ಸರ್ವರ್ ಐಐಎಸ್ ಓಡುತ್ತಿದೆ. ಸರ್ವಿಸಸ್‌ಗೆ ಹೋಗಿ ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ನಿಲ್ಲಿಸಿ. ಅದು ಬೇಕೇ ಬೇಕೆಂದಿದ್ದರೆ ಅಪಾಚೆಯ ಕಾನ್ಫಿಗ್ ಫೈಲ್‌ನಲ್ಲಿ ಲಿಸನ್ ಸಾಲಿನ 80 ಅನ್ನು 8080 ಮಾಡಿ, ಸರ್ವರ್‌ನೇಮ್ ಸಾಲನ್ನೂ ಹಾಗೆಯೇ ತಿದ್ದಿ. ಆಮೇಲೆ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಪಕ್ಕಕ್ಕೇ :8080 ಸೇರಿಸುವುದನ್ನು ಮರೆಯಬೇಡಿ.

ನಿಮ್ಮ ಫೈಲ್‌ಗಳು ಕ್ಸಾಂಪ್ ಒಳಗಿನ ಎಚ್‌ಟಿಡಾಕ್ಸ್ ಫೋಲ್ಡರ್‌ನಲ್ಲಿರಲಿ, ಪ್ರಾಜೆಕ್ಟ್‌ಗೊಂದು ಒಳಫೋಲ್ಡರ್. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ್ದು ಸಿಗದಿದ್ದರೆ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿ, ಹೆಸರಿನ ಬಾಲಕ್ಕೆ .ಟಿಎಕ್ಸ್‌ಟಿ ಅಂಟಿಕೊಂಡಿರುತ್ತದೆ.

ಪ್ರಾಜೆಕ್ಟ್‌ಗೆ ಸ್ವಂತ ವಿಳಾಸ ಬೇಕಾದರೆ ಅಪಾಚೆಯ ವರ್ಚುವಲ್ ಹೋಸ್ಟ್ (ಯಾವ ಹೆಸರಿಗೆ ಯಾವ ಫೋಲ್ಡರ್ ಎಂದು ಹೇಳುವ) ಫೈಲ್‌ನಲ್ಲಿ ಒಂದು ಬ್ಲಾಕ್ ಬರೆಯಿರಿ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ವಿಂಡೋಸ್‌ನ ಹೋಸ್ಟ್ಸ್ ಫೈಲ್‌ಗೂ 127.0.0.1 (ನಿಮ್ಮದೇ ಕಂಪ್ಯೂಟರ್‌ನ ವಿಳಾಸ) ಮತ್ತು ಆ ಹೆಸರಿರುವ ಒಂದು ಸಾಲು ಸೇರಿಸಿ. ಹೆಸರು .ಟೆಸ್ಟ್ ಎಂದು ಮುಗಿಯಲಿ. 1999ರಿಂದಲೂ ಅದನ್ನು ಪರೀಕ್ಷೆಗೆಂದೇ ಮೀಸಲಿಟ್ಟಿದ್ದಾರೆ. .ಡೆವ್ ಈಗ ಗೂಗಲ್‌ನ ನಿಜವಾದ ಡೊಮೇನ್, ಬ್ರೌಸರ್‌ಗಳು ಅದಕ್ಕೆ ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಒಪ್ಪುವುದಿಲ್ಲ. ಪಟ್ಟಿಯ ಮೊದಲ ಬ್ಲಾಕ್ ಲೋಕಲ್‌ಹೋಸ್ಟ್‌ನದ್ದೇ ಆಗಿರಲಿ, ಇಲ್ಲವಾದರೆ ಲೋಕಲ್‌ಹೋಸ್ಟ್ ಎಂದು ಹೊಡೆದರೂ ಹೊಸ ಪ್ರಾಜೆಕ್ಟ್ ತೆರೆದುಕೊಳ್ಳುತ್ತದೆ. ಫೋಲ್ಡರ್ ಎಚ್‌ಟಿಡಾಕ್ಸ್‌ನ ಹೊರಗಿದ್ದು 403 (ಪ್ರವೇಶವಿಲ್ಲ ಎಂಬ ದೋಷ) ಬಂದರೆ, ಆ ಫೋಲ್ಡರ್‌ನ ಡೈರೆಕ್ಟರಿ ಬ್ಲಾಕ್‌ನಲ್ಲಿ ‘ರಿಕ್ವೈರ್ ಆಲ್ ಗ್ರಾಂಟೆಡ್’ ಬರೆದಿಲ್ಲ ಎಂದೇ ಹೆಚ್ಚಾಗಿ ಅರ್ಥ. ಕಾನ್ಫಿಗ್ ಅಥವಾ ಪಿಎಚ್‌ಪಿ ಐಎನ್‌ಐ (ಪಿಎಚ್‌ಪಿಯ ಸೆಟ್ಟಿಂಗ್ ಫೈಲ್) ಮುಟ್ಟಿದಾಗಲೆಲ್ಲ ಅಪಾಚೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ಮೊದಲ ಟೇಬಲ್ ಮಾಡಿದ ದಿನವೇ ಅದರಲ್ಲಿ ಕನ್ನಡ ಹಾಕಿ ನೋಡಿ. ಪಡೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಟೇಬಲ್ಲಿನದೋ ಸಂಪರ್ಕದ್ದೋ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ) ತಪ್ಪಿದೆ; ಹಾಗೆ ಉಳಿದ ಪಠ್ಯ ಮರಳಿ ಸಿಗುವುದಿಲ್ಲ. ಡೇಟಾಬೇಸ್, ಟೇಬಲ್, ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ದಾರಿ) ಸಂಪರ್ಕ ಮೂರರಲ್ಲೂ ಯುಟಿಎಫ್8ಎಂಬಿ4 ಎಂಬ ಕ್ಯಾರೆಕ್ಟರ್ ಸೆಟ್ ಇಡಿ. ಉದ್ದ ಎಣಿಸುವಾಗಲೂ ಎಚ್ಚರ: ‘ಕನ್ನಡ’ ಕಣ್ಣಿಗೆ ಮೂರಕ್ಷರ, ಯೂನಿಕೋಡ್‌ನಲ್ಲಿ ಐದು ಸಂಕೇತ, ಒಂದಕ್ಕೆ 3ರಂತೆ 15 ಬೈಟ್. ಪಿಎಚ್‌ಪಿಯ ಎಸ್‌ಟಿಆರ್‌ಲೆನ್ 15 ಎನ್ನುತ್ತದೆ, ಎಂಬಿ ಎಸ್‌ಟಿಆರ್‌ಲೆನ್ 5 ಎನ್ನುತ್ತದೆ. ಫಾರ್ಮ್‌ನ ಮಿತಿಗೆ ಎರಡನೆಯದನ್ನೇ ಬಳಸಿ, ಇಲ್ಲದಿದ್ದರೆ ಕನ್ನಡದಲ್ಲಿ ಹೆಸರು ಬರೆದವರಿಗೆ ಮಾತ್ರ ‘ತುಂಬಾ ಉದ್ದವಾಯಿತು’ ಎಂಬ ಉತ್ತರ ಸಿಗುತ್ತದೆ.

ಕರೆಂಟ್ ಹೋಗಿ ಕಂಪ್ಯೂಟರ್ ತಟ್ಟನೆ ಆರಿದರೆ ಡೇಟಾಬೇಸ್ ಮತ್ತೆ ಏಳದಿರಬಹುದು. ಲಾಗ್ಸ್ ಬಟನ್ ಒತ್ತಿ ಎರರ್ ಲಾಗ್‌ನ ಕೊನೆಯ ಸಾಲುಗಳನ್ನು ಓದಿ. ಏನನ್ನೇ ಮುಟ್ಟುವ ಮುನ್ನ ಮೈಎಸ್‌ಕ್ಯೂಎಲ್‌ನ ಡೇಟಾ ಫೋಲ್ಡರ್ ಪೂರ್ತಿ ಬೇರೆಡೆಗೆ ಕಾಪಿ ಮಾಡಿಟ್ಟುಕೊಳ್ಳಿ. ಐಬಿಡೇಟಾ1 ಫೈಲ್ ಅಳಿಸಿದರೆ ಸರಿಹೋಗುತ್ತದೆಂದು ಯಾರು ಹೇಳಿದರೂ ಕೇಳಬೇಡಿ. ಇನ್ನೋಡಿಬಿ (ಮರಿಯಾಡಿಬಿ ಟೇಬಲ್‌ಗಳನ್ನು ಉಳಿಸುವ ಎಂಜಿನ್) ಟೇಬಲ್‌ಗಳ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ.