ಟವರ್‌ಗೆ ಕೋಯಾಕ್ಸ್ ಕೇಬಲ್: ಬೆಳವಲದ ಬಿಸಿಲು, ಗಾಳಿ, ಎರೆಮಣ್ಣಿನಲ್ಲಿ ನಾನು ಮಾಡುವ ರೀತಿ

ಹುಬ್ಬಳ್ಳಿ, ಗದಗ ಸುತ್ತ ವಿಎಚ್‌ಎಫ್ ರೇಡಿಯೊ ಟವರ್ ಹಾಕಿಸುವವರು ರೇಡಿಯೊ ಸೆಟ್ಟಿಗೆ, ಆಂಟೆನಾಕ್ಕೆ ಧಾರಾಳವಾಗಿ ದುಡ್ಡು ಸುರಿದು, ಇವೆರಡನ್ನೂ ಜೋಡಿಸುವ ಕೋಯಾಕ್ಸ್ ಕೇಬಲ್ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ನಾನು ಲೆಕ್ಕ ಶುರು ಮಾಡುವುದೇ ಕೇಬಲ್‌ನಿಂದ. ಟವರ್ 30 ಮೀಟರ್, ಬುಡದಿಂದ ಕೋಣೆಗೆ 10 ಮೀಟರ್ ಅನ್ನಿ. 145 ಮೆಗಾಹರ್ಟ್ಸ್‌ನಲ್ಲಿ ಈ 40 ಮೀಟರ್‌ಗೆ ಆರ್‌ಜಿ-58 ಎಂಬ ತೆಳು ಕೇಬಲ್ ಸುಮಾರು 8 ಡೆಸಿಬೆಲ್ (ಸಿಗ್ನಲ್ ನಷ್ಟದ ಅಳತೆ) ನುಂಗುತ್ತದೆ. 25 ವ್ಯಾಟ್ ಕಳಿಸಿದರೆ ಆಂಟೆನಾ ಮುಟ್ಟುವುದು 4 ವ್ಯಾಟ್. ಅದಕ್ಕಿಂತ ದಪ್ಪನೆಯ ಆರ್‌ಜಿ-213ರಲ್ಲಿ 11 ವ್ಯಾಟ್, ಎಲ್‌ಎಂಆರ್-400ರಲ್ಲಿ ಹೆಚ್ಚುಕಡಿಮೆ 16, ಅರ್ಧ ಇಂಚಿನ ಫೋಮ್ ಫೀಡರ್‌ನಲ್ಲಿ (ಒಳಗೆ ಫೋಮ್ ತುಂಬಿದ ಗಟ್ಟಿ ಕೇಬಲ್) 19ಕ್ಕೂ ಮೇಲೆ. ಬರುವ ಸಿಗ್ನಲ್ಲಿಗೂ ಅಷ್ಟೇ ನಷ್ಟ. ಸೆಟ್ಟಿನ ವ್ಯಾಟ್ ಏರಿಸಿ ಅದನ್ನು ತುಂಬಿಕೊಳ್ಳಲು ಆಗದು. ಅದಕ್ಕೆ 40 ಮೀಟರ್‌ಗೆ ಎಲ್‌ಎಂಆರ್-400ಕ್ಕಿಂತ ಕೆಳಗೆ ಇಳಿಯಬೇಡಿ. 5 ಗಿಗಾಹರ್ಟ್ಸ್ ಲಿಂಕ್ ಆದರೆ ಈ ಚರ್ಚೆಯೇ ಬೇಡ: ರೇಡಿಯೊವನ್ನೇ ಮೇಲಿಟ್ಟು ಹೊರಾಂಗಣದ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಯಿರಿ.

ಬುಡದಲ್ಲಿ ನೋಡುವ ಎಸ್‌ಡಬ್ಲ್ಯೂಆರ್ ಮೀಟರನ್ನು (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂದು ಸೂಚಿಸುವ ಮೀಟರ್; 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ನಾನು ಪೂರ್ತಿ ನಂಬುವುದಿಲ್ಲ. ಮೇಲೆ ಹೋದ ಪವರ್ 8 ಡೆಸಿಬೆಲ್ ಕಳೆದುಕೊಂಡು, ಪ್ರತಿಫಲಿಸಿ ಬರುವಾಗ ಇನ್ನೂ 8 ಕಳೆದುಕೊಳ್ಳುತ್ತದೆ. ಹೀಗಾಗಿ ಆ ಆರ್‌ಜಿ-58ರ ತುದಿಯಲ್ಲಿ ಆಂಟೆನಾ ಇಲ್ಲದಿದ್ದರೂ ಮೀಟರ್ 1.4ರ ಒಳಗೇ ತೋರಿಸುತ್ತದೆ! ಕೇಬಲ್‌ಗೆ ನೀರು ಇಳಿದಾಗ ಆಗುವುದೂ ಇದೇ. ನಷ್ಟ ಹೆಚ್ಚಿದಷ್ಟೂ ಮೀಟರ್ ಚೆನ್ನಾಗಿ ಕಾಣುತ್ತದೆ. ಏರಿಸುವ ಮೊದಲೇ ಒಂದು ತುದಿಗೆ ಸೆಟ್, ಇನ್ನೊಂದು ತುದಿಗೆ ಪವರ್ ಮೀಟರ್ ಮತ್ತು 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ಸಾಧನ) ಹಾಕಿ ಅಳೆದು ಬರೆದಿಡುತ್ತೇನೆ. ಮುಂದಿನ ವರ್ಷ ಹೋಲಿಸಲು ಬೇಕಾದ ಅಂಕಿ ಅದು.

ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್ ಬಂದರೆ ಗಾಳಿ ಬಿಡುವುದಿಲ್ಲ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅರ್ಧ ಇಂಚಿನ ಫೀಡರ್ 40 ಮೀಟರ್‌ಗೆ 9 ಕೆಜಿ ಹತ್ತಿರ ತೂಗುತ್ತದೆ. ಆ ಭಾರ ಕನೆಕ್ಟರ್ ಮೇಲೆ ಬೀಳದಂತೆ ಮೇಲುತುದಿಗೆ ಹಾಯಿಸ್ಟಿಂಗ್ ಗ್ರಿಪ್ (ಕೇಬಲನ್ನು ಹಿಡಿದು ತೂಗುಹಾಕುವ ಜಾಲರಿ), ಆಮೇಲೆ ಮೀಟರ್‌ಗೊಂದು ಸ್ಟೀಲ್ ಕ್ಲ್ಯಾಂಪ್. ಬಿಳಿ ನೈಲಾನ್ ಟೈ ಇಲ್ಲಿನ ಬಿಸಿಲಿಗೆ ಪುಡಿಯಾಗುತ್ತದೆ. ಕ್ಲ್ಯಾಂಪ್ ಅತಿ ಬಿಗಿಯಾದರೆ ಫೋಮ್ ಚಪ್ಪಟೆಯಾಗಿ ಅಲ್ಲಿ ಕೇಬಲ್‌ನ 50 ಓಮ್ ಇಂಪೆಡೆನ್ಸ್ (ಸೆಟ್, ಆಂಟೆನಾಕ್ಕೆ ಹೊಂದಬೇಕಾದ ಗುಣ) ಉಳಿಯದು. ಫೀಡರನ್ನು 125 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಎರಡೂ ತುದಿಗೆ ಮೆತ್ತನೆಯ ಜಂಪರ್ (ಸುಲಭವಾಗಿ ಬಾಗುವ ಚಿಕ್ಕ ಕೇಬಲ್ ತುಂಡು) ಹಾಕಿ.

ಕನೆಕ್ಟರ್ ಎನ್-ಟೈಪ್ ಮಾತ್ರ. ಇನ್ನೊಂದು ಬಗೆಯ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ಜೋಡಿಸಿದ ಮೇಲೆ ಮೊದಲು ಪಿವಿಸಿ ಟೇಪ್, ಅದರ ಮೇಲೆ ಬ್ಯೂಟೈಲ್ ಮ್ಯಾಸ್ಟಿಕ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ), ಕೊನೆಗೆ ಮತ್ತೆ ಟೇಪ್. ಮೊದಲ ಪದರ ಇದ್ದರೆ ಮುಂದೆ ಬಿಚ್ಚುವಾಗ ಬ್ಯೂಟೈಲ್ ಕನೆಕ್ಟರ್‌ಗೆ ಅಂಟಿ ಕಾಡುವುದಿಲ್ಲ. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ, ಅರ್ಧ ಅಗಲ ಮೇಲೇರಿಸುತ್ತ ಬರಬೇಕು. ಮಂಗಳೂರು ಹಂಚು ಹೊದಿಸಿದಂತೆ ನೀರು ಜಾರಿ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯುವ ಬಾಯಿ. ಕೇಬಲ್ ಕೋಣೆಯೊಳಗೆ ಹೋಗುವ ಮುನ್ನ ನೀರು ಒಳಗೆ ಬಾರದಂತೆ ಗೋಡೆಯ ತೂತಿಗಿಂತ ಕೆಳಗಿಳಿದು ಮೇಲೇರಲಿ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಅರ್ಥಿಂಗ್ ಸಿದ್ಧವಿರಬೇಕು. ಕೇಬಲ್‌ನ ಲೋಹದ ಕವಚಕ್ಕೆ ಮೂರು ಕಡೆ ಗ್ರೌಂಡಿಂಗ್ ಕಿಟ್ (ಕವಚವನ್ನು ಅರ್ಥ್‌ಗೆ ಜೋಡಿಸುವ ಪಟ್ಟಿ, ತಂತಿ): ಆಂಟೆನಾ ಕೆಳಗೆ, ಟವರ್ ಬಿಡುವ ತಿರುವಿಗೆ ಸ್ವಲ್ಪ ಮೇಲೆ, ಕೋಣೆಯ ಹೊರಗಿನ ತಾಮ್ರದ ಪಟ್ಟಿಯಲ್ಲಿ. ಸಿಡಿಲು ಅರೆಸ್ಟರ್ (ಸಿಡಿಲಿನ ವಿದ್ಯುತ್ತನ್ನು ಅರ್ಥ್‌ಗೆ ಹರಿಸುವ ಸಾಧನ) ಕೂಡ ಅದೇ ಪಟ್ಟಿಗೆ. ತಂತಿ ನೇರ ಕೆಳಗಿಳಿಯಲಿ, ಚೂಪಾದ ಬಾಗು ಬೇಡ. ಟವರ್, ಕೋಣೆ, ವಿದ್ಯುತ್ ಅರ್ಥ್ ಮೂರನ್ನೂ ಒಂದಕ್ಕೊಂದು ಜೋಡಿಸಿ.

ಗದಗ, ನವಲಗುಂದದ ಎರೆಮಣ್ಣಿನಲ್ಲಿ ಒಂದು ತೊಡಕಿದೆ. ಮಳೆಗಾಲದಲ್ಲಿ ಅರ್ಥ್ ರೀಡಿಂಗ್ (ಓಮ್ ಕಡಿಮೆ ಇದ್ದಷ್ಟೂ ಒಳ್ಳೆಯದು) ಬಲು ಚೆಂದ ಬರುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದು, ಮಣ್ಣು ನೆಲಕ್ಕಿಳಿಸಿದ ಅರ್ಥ್ ರಾಡ್‌ನಿಂದ ದೂರ ಸರಿಯುತ್ತದೆ, ಅದೂ ಸಿಡಿಲಿನ ಹೊತ್ತಿಗೇ. ಅದಕ್ಕೆ 3 ಮೀಟರ್ ರಾಡ್, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು), ಗುಂಡಿಗೆ ಆಗಾಗ ನೀರು. ಅಳತೆಯನ್ನು ಮೊದಲ ಮಳೆಗೆ ಮುಂಚೆ, ನೆಲ ಪೂರ್ತಿ ಒಣಗಿದಾಗ ಮಾಡಿ. ಆಗಲೂ 10 ಓಮ್‌ ದಾಟಿದರೆ ಎರಡನೇ ರಾಡ್ ಇಳಿಸಿ, ಮೊದಲನೆಯದರಿಂದ ಕನಿಷ್ಠ 3 ಮೀಟರ್ ದೂರದಲ್ಲಿ.