ಸೋತರೆ ಬಿಲ್ ಯಾರು ಕಟ್ಟುತ್ತಾರೆ? ಫುಟ್‌ಬಾಲ್ ಕ್ಲಬ್‌ನ ಲೆಕ್ಕಪತ್ರ ಓದುವ ಬಗೆ

ಜೂನ್ ಬಂತೆಂದರೆ ಇಂಗ್ಲಿಷ್ ಫುಟ್‌ಬಾಲ್ ಅಭಿಮಾನಿಗಳ ನಡುವೆ ಅದೇ ಜಗಳ. ಒಳ್ಳೆಯ ಸ್ಟ್ರೈಕರ್ ಬೇಕು, ಮಾಲೀಕರು ಕೈ ಬಿಚ್ಚಲಿ ಎಂದು ಒಂದು ಗುಂಪು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಇನ್ನೊಂದು. ಹಾಸಿಗೆ ಎಷ್ಟುದ್ದ ಇದೆ ಎಂದು ಅಳೆದು ನೋಡಿದವರು ಎರಡೂ ಕಡೆ ಕಡಿಮೆ. ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಹಂತವಾದ ಚಾಂಪಿಯನ್‌ಶಿಪ್ ಕ್ಲಬ್‌ಗಳ ಲೆಕ್ಕಪತ್ರ ಪುಕ್ಕಟೆ ಸಿಗುತ್ತದೆ. ಒಂದು ಸಂಜೆ, ಒಂದು ಕ್ಯಾಲ್ಕುಲೇಟರ್ ಇದ್ದರೆ ಅಳೆಯಬಹುದು.

ಲೀಡ್ಸ್ ಯುನೈಟೆಡ್ ಕತೆಯನ್ನು ಎದುರಿಗಿಟ್ಟುಕೊಂಡು ಶುರು ಮಾಡಿ. 2001ರಲ್ಲಿ ಅದು ಯುರೋಪಿನ ಅಗ್ರ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿತು. ಅದೇ ವರ್ಷ ಮುಂದಿನ 25 ವರ್ಷಗಳ ಟಿಕೆಟ್ ಆದಾಯವನ್ನು ಒತ್ತೆಯಿಟ್ಟು 6 ಕೋಟಿ ಪೌಂಡ್ ಸಾಲ ತಂದಿತು. ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಹಣ ಬರುತ್ತದೆ ಎಂಬ ನಂಬಿಕೆಯ ಮೇಲೆ ಸಂಬಳ ನಿಂತಿತ್ತು. ಇಂಗ್ಲೆಂಡಿಗೆ ಮೂರು ಸೀಟು ಇದ್ದ ವರ್ಷ ಲೀಡ್ಸ್ ನಾಲ್ಕನೆಯದಾಯಿತು. ನಾಲ್ಕು ಸೀಟು ಸಿಕ್ಕ ಮರುವರ್ಷ ಐದನೆಯದಾಯಿತು. ಎರಡು ಸಲವೂ ಒಂದೇ ಸ್ಥಾನದಿಂದ ತಪ್ಪಿತು. 2004ರಲ್ಲಿ ಕೆಳಗಿನ ಹಂತಕ್ಕೆ ಇಳಿದು, 2007ರಲ್ಲಿ ಮೂರನೆಯ ಹಂತಕ್ಕೆ ಕುಸಿದು, ಮತ್ತೆ ಪ್ರೀಮಿಯರ್ ಲೀಗ್ ಕಂಡದ್ದು 2020ರಲ್ಲಿ. ಆಟಗಾರರ ಆಯ್ಕೆಯೇನೂ ಕೆಟ್ಟಿರಲಿಲ್ಲ. ರಿಯೋ ಫರ್ಡಿನಾಂಡ್‌ನನ್ನು ಮಾರಿ ಲಾಭವನ್ನೇ ಮಾಡಿತ್ತು. ಒಂದು ಕೆಟ್ಟ ವರ್ಷವನ್ನು ತಡೆದುಕೊಳ್ಳುವ ಜಾಗ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೆ. ಆ ಜಾಗ ನಿಮ್ಮ ಕ್ಲಬ್‌ನಲ್ಲಿ ಎಷ್ಟಿದೆ ಎಂದು ಹುಡುಕುವುದೇ ಇಲ್ಲಿನ ಕೆಲಸ.

ಕಡತ ತೆಗೆಯುವುದು

ಬ್ರಿಟನ್ನಿನ ಕಂಪನೀಸ್ ಹೌಸ್ ಜಾಲತಾಣಕ್ಕೆ ಹೋಗಿ ಕ್ಲಬ್‌ನ ಹೆಸರು ಹಾಕಿ. ಒಂದೇ ಹೆಸರಿನ ನಾಲ್ಕಾರು ಕಂಪನಿಗಳು ಬರುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಆಟಗಾರರ ಒಪ್ಪಂದ ಒಂದು ಕಂಪನಿಯಲ್ಲಿ, ಸ್ಟೇಡಿಯಂ ಇನ್ನೊಂದರಲ್ಲಿ, ಸಾಲವು ಇವೆಲ್ಲದರ ಒಡೆತನವಿರುವ ಹೋಲ್ಡಿಂಗ್ ಕಂಪನಿಯಲ್ಲಿ ಇರಬಹುದು. ನಿಯಂತ್ರಣ ಯಾರದು ಎಂದು ತೋರಿಸುವ ವಿಭಾಗ ಹಿಡಿದು ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿ, 'ಗ್ರೂಪ್ ಅಕೌಂಟ್ಸ್' (ಬಳಗದ ಎಲ್ಲ ಕಂಪನಿಗಳ ಒಟ್ಟು ಲೆಕ್ಕ) ಸಲ್ಲಿಸುವ ಕಂಪನಿ ಸಿಕ್ಕಾಗ ನಿಲ್ಲಿ. ಕೆಳಗಿನ ಕಂಪನಿಯ ಕಡತವನ್ನೂ ಇಳಿಸಿಕೊಳ್ಳಿ, ಎರಡನ್ನೂ ಹೋಲಿಸಬೇಕಾಗುತ್ತದೆ.

ಖಾಸಗಿ ಕಂಪನಿಗೆ ಲೆಕ್ಕ ಸಲ್ಲಿಸಲು ವರ್ಷಾಂತ್ಯದಿಂದ 9 ತಿಂಗಳ ಗಡುವು. ಜೂನ್ 30ಕ್ಕೆ ವರ್ಷ ಮುಗಿಸುವ ಕ್ಲಬ್‌ನ ಕಡತ ಮಾರ್ಚ್ 31ರೊಳಗೆ ಬರಬೇಕು. ಗಡುವು ದಾಟಿದರೆ ಅದನ್ನೇ ಮೊದಲ ಎಚ್ಚರಿಕೆ ಎಂದು ಬರೆದಿಟ್ಟುಕೊಳ್ಳಿ. ಅಂಕಿಗಳು ಸಾಮಾನ್ಯವಾಗಿ ಸಾವಿರ ಪೌಂಡ್‌ಗಳಲ್ಲಿ ಇರುತ್ತವೆ: 1,00,000 ಎಂದಿದ್ದರೆ ಅದು 10 ಕೋಟಿ.

ಅದೇ ಪುಟದಲ್ಲಿ 'ಚಾರ್ಜಸ್' ಎಂಬ ವಿಭಾಗ ಇದೆ. ಸಾಲ ಕೊಟ್ಟ ಯಾರಿಗೆ ಏನನ್ನು ಅಡವಿಟ್ಟಿದ್ದಾರೆ ಎಂಬುದು ಅಲ್ಲಿರುತ್ತದೆ. ಮುಂದಿನ ವರ್ಷದ ಟಿವಿ ಹಣ, ಮಾರಿದ ಆಟಗಾರನಿಂದ ಬರಬೇಕಾದ ಕಂತುಗಳು ಅಡವಾಗಿದ್ದರೆ, ನಾಳೆಯ ಆದಾಯ ಇವತ್ತೇ ಖರ್ಚಾಗಿದೆ ಎಂದರ್ಥ. ಲೆಕ್ಕಪತ್ರ ತಡವಾಗಿ ಬಂದರೂ ಈ ದಾಖಲೆ ಕೆಲವೇ ವಾರಗಳಲ್ಲಿ ಬರುತ್ತದೆ. ಆದ್ದರಿಂದ ವರ್ಷಕ್ಕೆರಡು ಸಲ ನೋಡಿ.

ಬರೆದುಕೊಳ್ಳಬೇಕಾದ ಅಂಕಿಗಳು

ಒಟ್ಟು ಆದಾಯವನ್ನು ಟಿಕೆಟ್, ಟಿವಿ, ಪ್ರಾಯೋಜಕತ್ವ ಎಂದು ಒಡೆದು ಬರೆಯಿರಿ. ಆಮೇಲೆ ಸಂಬಳ. ಆಮೇಲೆ ಅಮಾರ್ಟೈಸೇಶನ್, ಅಂದರೆ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುವ ಖರ್ಚು.

ಈ ಕೊನೆಯದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಜಗಳ ಮುಗಿಯುತ್ತದೆ. 5 ಕೋಟಿ ಪೌಂಡ್ ಕೊಟ್ಟು 5 ವರ್ಷದ ಒಪ್ಪಂದಕ್ಕೆ ತಂದ ಆಟಗಾರ ಲೆಕ್ಕದಲ್ಲಿ ವರ್ಷಕ್ಕೆ 1 ಕೋಟಿ ಖರ್ಚು. ಎರಡು ವರ್ಷದ ನಂತರ ಪುಸ್ತಕದಲ್ಲಿ ಅವನ ಬೆಲೆ 3 ಕೋಟಿ. ಆಗ 4.5 ಕೋಟಿಗೆ ಮಾರಿದರೆ, ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೂ, ಆ ವರ್ಷ 1.5 ಕೋಟಿ ಲಾಭ ಕಾಣುತ್ತದೆ. ಅಕಾಡೆಮಿಯಲ್ಲಿ ಬೆಳೆದ ಹುಡುಗನ ಪುಸ್ತಕಬೆಲೆ ಬಹುತೇಕ ಸೊನ್ನೆ. ಮಾರಿದ ಹಣವೆಲ್ಲ ಲಾಭ. ಊರಿನ ಹುಡುಗರನ್ನೇ ಮೊದಲು ಮಾರುವುದು ಇದಕ್ಕೇ. 2024ರ ಜೂನ್ ಕೊನೆಯಲ್ಲಿ ನ್ಯೂಕಾಸಲ್ ತನ್ನಲ್ಲೇ ಬೆಳೆದ ಎಲಿಯಟ್ ಆಂಡರ್ಸನ್‌ನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಕಳಿಸಿದ್ದು ಇದೇ ಲೆಕ್ಕದ ಒತ್ತಡದಲ್ಲಿ. ಅಭಿಮಾನಿಯ ಮನಸ್ಸಿಗೆ ನೋವಾಗುವುದೂ ಇಲ್ಲೇ, ಕ್ಲಬ್‌ಗಳ ನಷ್ಟಕ್ಕೆ ಮಿತಿ ಹಾಕುವ ಲೀಗ್ ನಿಯಮದ ದೊಡ್ಡ ಲೋಪ ಇರುವುದೂ ಇಲ್ಲೇ.

ಒಪ್ಪಂದ ಉದ್ದವಾದಷ್ಟೂ ವರ್ಷದ ಖರ್ಚು ತೆಳ್ಳಗಾಗುತ್ತದೆ. ಚೆಲ್ಸಿ 2023ರಲ್ಲಿ ಎಂಟೂವರೆ ವರ್ಷದ ಒಪ್ಪಂದಗಳನ್ನು ಮಾಡಿತು. ಅದಾದ ಮೇಲೆ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ, ಹಿಂದೆಯೇ ಪ್ರೀಮಿಯರ್ ಲೀಗ್, ಹೊಸ ಒಪ್ಪಂದಗಳ ಖರ್ಚನ್ನು ಹೆಚ್ಚೆಂದರೆ 5 ವರ್ಷಕ್ಕೆ ಹಂಚಬಹುದು ಎಂಬ ಮಿತಿ ಹಾಕಿದವು.

ಅಮಾರ್ಟೈಸೇಶನ್ ಪುಸ್ತಕದ ಖರ್ಚು. ಕೈಯಿಂದ ಹೋಗುವ ಹಣ ಕಂತುಗಳದ್ದು. ಕ್ಲಬ್ ಯಾರಿಗೆಲ್ಲ ಬಾಕಿ ಕೊಡಬೇಕು ಎಂಬ ('ಕ್ರೆಡಿಟರ್ಸ್') ಟಿಪ್ಪಣಿಯಲ್ಲಿ ಬೇರೆ ಕ್ಲಬ್‌ಗಳಿಗೆ ಒಂದು ವರ್ಷದೊಳಗೆ ಕೊಡಬೇಕಾದದ್ದು, ಆಮೇಲೆ ಕೊಡಬೇಕಾದದ್ದು ಎಂದು ಎರಡು ಸಾಲು ಇರುತ್ತವೆ. ಬರಬೇಕಾದ ಕಂತುಗಳನ್ನು ಕಳೆಯಿರಿ. ಉಳಿದದ್ದು ಬ್ಯಾಂಕಿನಲ್ಲಿರುವ ಹಣಕ್ಕಿಂತ ಬಹಳ ಹೆಚ್ಚಿದ್ದರೆ, ಬೇಸಿಗೆಯಲ್ಲಿ ದೊಡ್ಡ ಖರೀದಿ ಆಗಬೇಕಾದರೆ ಯಾರನ್ನಾದರೂ ಮಾರಲೇಬೇಕು.

ಕಡತದ ಅಂಕಿ ಒಂಬತ್ತು ತಿಂಗಳು ಹಳೆಯದು. ವರ್ಷಾಂತ್ಯದ ನಂತರದ ಘಟನೆಗಳ ಟಿಪ್ಪಣಿಯಲ್ಲಿ ಆಮೇಲಿನ ಖರೀದಿ-ಮಾರಾಟದ ಮೊತ್ತ ಸಿಗುತ್ತದೆ. ಅದನ್ನು ಬಿಟ್ಟು ಮಾಡಿದ ಲೆಕ್ಕ ಪ್ರಯೋಜನಕ್ಕೆ ಬಾರದು.

ಒಂದು ಸಲದ ಲಾಭ ತೆಗೆದುಹಾಕಿ

ಡರ್ಬಿ ಕೌಂಟಿ ತನ್ನ ಪ್ರೈಡ್ ಪಾರ್ಕ್ ಸ್ಟೇಡಿಯಂ ಅನ್ನು ಮಾಲೀಕರದೇ ಇನ್ನೊಂದು ಕಂಪನಿಗೆ 8.1 ಕೋಟಿ ಪೌಂಡ್‌ಗೆ ಮಾರಿ ಲಾಭ ತೋರಿಸಿತ್ತು. 2021ರಲ್ಲಿ ಕ್ಲಬ್ ದಿವಾಳಿ ಆಡಳಿತಕ್ಕೆ ಹೋಗಿ 12 ಅಂಕ ಕಳೆದುಕೊಂಡಿತು. ನಷ್ಟದ ನಿಯಮ ಮುರಿದದ್ದಕ್ಕೆ ಮತ್ತೆ 9. ಆ ಋತುವಿನಲ್ಲೇ ಕೆಳಗಿಳಿಯಿತು. ಚೆಲ್ಸಿ ಎರಡು ಹೋಟೆಲುಗಳನ್ನು 7.65 ಕೋಟಿಗೆ ತನ್ನದೇ ಬಳಗದ ಕಂಪನಿಗೆ ಮಾರಿತು. ಇಂಥದ್ದು ಕಂಡರೆ ಆ ಮೊತ್ತವನ್ನು ಕಳೆದು ಉಳಿದ ಲಾಭ-ನಷ್ಟ ನೋಡಿ. ಮನೆ ಮಾರಿ ಒಂದು ವರ್ಷ ಚೆನ್ನಾಗಿ ಉಣ್ಣಬಹುದು, ಮರುವರ್ಷ ಬಾಡಿಗೆ ಕಟ್ಟಬೇಕು.

ಬಿದ್ದರೆ ಏನಾಗುತ್ತದೆ: ಲೆಕ್ಕ ಮಾಡಿ ನೋಡಿ

ಪ್ರೀಮಿಯರ್ ಲೀಗ್‌ನ ಕೆಳಗಿನ ಅರ್ಧದಲ್ಲಿರುವ ಒಂದು ಕಾಲ್ಪನಿಕ ಕ್ಲಬ್ ತೆಗೆದುಕೊಳ್ಳಿ. ಆದಾಯ 16 ಕೋಟಿ: ಟಿವಿ 12, ಟಿಕೆಟ್ 1.5, ಪ್ರಾಯೋಜಕರು 2.5. ಸಂಬಳ 11, ಅಮಾರ್ಟೈಸೇಶನ್ 4.5, ಇತರ ಖರ್ಚು 3. ಆಟಗಾರರನ್ನು ಮಾರದಿದ್ದರೆ ನಷ್ಟ 2.5 ಕೋಟಿ. ಮೇಲ್ನೋಟಕ್ಕೆ ಸಹಿಸಬಹುದಾದ ನಷ್ಟವೇ.

ಈಗ ಅದನ್ನು ಚಾಂಪಿಯನ್‌ಶಿಪ್‌ಗೆ ಇಳಿಸಿ. ಇಳಿದ ಕ್ಲಬ್‌ಗೆ ಪ್ಯಾರಾಚೂಟ್ ಹಣ ಸಿಗುತ್ತದೆ: ಪ್ರೀಮಿಯರ್ ಲೀಗ್‌ನ ಪ್ರತಿ ಕ್ಲಬ್‌ಗೂ ಸಮವಾಗಿ ಸಿಗುವ ಟಿವಿ ಹಣದ ಪಾಲಿನಲ್ಲಿ ಮೊದಲ ವರ್ಷ ಶೇ 55, ಆಮೇಲೆ ಶೇ 45, ಶೇ 20, ಮೇಲೆ ಒಂದೇ ಋತು ಇದ್ದು ಇಳಿದರೆ ಎರಡೇ ವರ್ಷ. ಟಿವಿ 5, ಟಿಕೆಟ್ 1.2, ಪ್ರಾಯೋಜಕರು 1.3 ಎಂದುಕೊಂಡರೆ ಆದಾಯ 7.5 ಕೋಟಿ. ಒಪ್ಪಂದಗಳಲ್ಲಿ ಇಳಿದರೆ ಶೇ 40 ಕಡಿತ ಎಂಬ ಷರತ್ತು ಎಲ್ಲರಿಗೂ ಇದ್ದರೆ ಸಂಬಳ 6.6. ಅಮಾರ್ಟೈಸೇಶನ್ 4.5, ಅದು ಒಂದು ಪೈಸೆಯೂ ಇಳಿಯುವುದಿಲ್ಲ. ಇತರ ಖರ್ಚು 2.5. ನಷ್ಟ 6.1 ಕೋಟಿ. ಷರತ್ತೇ ಇಲ್ಲದಿದ್ದರೆ 10.5 ಕೋಟಿ. ಮಾರಲೇಬೇಕು ಎಂದು ಕೊಳ್ಳುವವರಿಗೆಲ್ಲ ಗೊತ್ತಿರುವ ಹೊತ್ತಿನಲ್ಲಿ ಈ ಹಣ ಹುಟ್ಟಿಸಬೇಕು. ನಿಮ್ಮ ಕ್ಲಬ್‌ನ ಅಂಕಿ ಹಾಕಿ ಇದನ್ನೇ ಮಾಡಿ. ಯುರೋಪ್‌ಗೆ ಹೋಗುವ ಕ್ಲಬ್ ಆದರೆ ಕೆಳಗಿಳಿಸುವ ಬದಲು ಚಾಂಪಿಯನ್ಸ್ ಲೀಗ್ ಹಣವನ್ನು ಸೊನ್ನೆ ಮಾಡಿ ನೋಡಿ.

ನಿಯಮದ ಮಿತಿಯನ್ನೂ ಪಕ್ಕದಲ್ಲಿ ಬರೆಯಿರಿ. 2025-26ರವರೆಗೆ ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ 10.5 ಕೋಟಿ ನಷ್ಟ, ಅದರಲ್ಲಿ 1.5 ಕೋಟಿ ಮೀರಿದ್ದನ್ನು ಮಾಲೀಕರು ಷೇರು ಬಂಡವಾಳವಾಗಿ ಹಾಕಬೇಕು. ಚಾಂಪಿಯನ್‌ಶಿಪ್‌ನಲ್ಲಿದ್ದ ಪ್ರತಿ ವರ್ಷಕ್ಕೆ 1.3 ಕೋಟಿಯಂತೆ ಮಾತ್ರ. ಹೀಗಾಗಿ ಲೆಕ್ಕಕ್ಕೆ ಬಂದ ಮೂರು ವರ್ಷಗಳಲ್ಲಿ ಎರಡು ವರ್ಷ ಕೆಳಗಿದ್ದು ಮೇಲೆ ಬಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮಿತಿ 6.1 ಕೋಟಿಯಷ್ಟೇ ಇತ್ತು, ಅದನ್ನು 3.45 ಕೋಟಿ ಮೀರಿ 2024ರಲ್ಲಿ 4 ಅಂಕ ಕಳೆದುಕೊಂಡಿತು. ಅಕಾಡೆಮಿ, ಮಹಿಳಾ ತಂಡ, ಸಮುದಾಯದ ಕೆಲಸಗಳ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಪತ್ರಿಕೆಯಲ್ಲಿ ಬಂದ ನಷ್ಟವನ್ನು ನೇರವಾಗಿ ಮಿತಿಯೊಂದಿಗೆ ಹೋಲಿಸಬೇಡಿ. 2026-27ರಿಂದ ಪ್ರೀಮಿಯರ್ ಲೀಗ್ ಆದಾಯದ ಶೇ 85ರಷ್ಟು ಮಾತ್ರ ತಂಡಕ್ಕೆ ಎಂಬ ಪದ್ಧತಿಗೆ ಹೋಗಲು ತೀರ್ಮಾನಿಸಿದೆ. ಯುಇಎಫ್ಎ ಮಿತಿ ಶೇ 70.

ಹಣ ಯಾರದು

ಮಾಲೀಕರ ಹಣ ಷೇರಾಗಿ ಬಂದರೆ ಕ್ಲಬ್ ಹಿಂದಿರುಗಿಸಬೇಕಿಲ್ಲ. ಸಾಲವಾಗಿ ಬಂದರೆ ಬಡ್ಡಿ ಎಷ್ಟು, ಯಾವಾಗ ಕೇಳಬಹುದು ಎಂದು ಟಿಪ್ಪಣಿಯಲ್ಲಿ ಹುಡುಕಿ. ಆಗಿನ ಮಾಲೀಕ, ರಷ್ಯಾದ ಅಬ್ರಮೊವಿಚ್‌ಗೆ ಚೆಲ್ಸಿ ಬಳಗ ಕೊಡಬೇಕಿದ್ದದ್ದು ಸುಮಾರು 150 ಕೋಟಿ ಪೌಂಡ್. 2022ರಲ್ಲಿ ಅವರ ಮೇಲೆ ನಿರ್ಬಂಧ ಬಿದ್ದಾಗ ಕ್ಲಬ್ ಹೊಸ ಟಿಕೆಟ್ ಮಾರುವುದೂ ನಿಂತಿತು. ಪುಣೆಯ ವೆಂಕೀಸ್ ಬಳಗ 2010ರಿಂದ ಬ್ಲ್ಯಾಕ್‌ಬರ್ನ್ ರೋವರ್ಸ್ ಅನ್ನು ತನ್ನ ಹಣದಿಂದಲೇ ನಡೆಸಿಕೊಂಡು ಬಂದಿದೆ. ಹಣ ಕಳಿಸಲು ದೆಹಲಿ ಹೈಕೋರ್ಟಿನ ಒಪ್ಪಿಗೆ ಬೇಕಾಗಿ ಬಂದಾಗ ಇಂಗ್ಲೆಂಡಿನ ಕ್ಲಬ್‌ಗೆ ಆಟಗಾರರ ಖರೀದಿ ಬಿಗಿಯಾಯಿತು. ಮಾಲೀಕರು ಒಳ್ಳೆಯವರೇ ಇರಬಹುದು. ಅವರ ಹಣ ನಿಂತರೆ ಕ್ಲಬ್ ಎಷ್ಟು ತಿಂಗಳು ನಡೆಯುತ್ತದೆ ಎಂಬುದಕ್ಕೆ ಉತ್ತರ ಆಡಿಟರ್ ವರದಿಯಲ್ಲಿ, ಸಂಸ್ಥೆ ಮುಂದುವರಿಯುವ ಬಗೆಗಿನ ಟಿಪ್ಪಣಿಯಲ್ಲಿ ಇರುತ್ತದೆ. ಅಲ್ಲಿ 'ಮೆಟೀರಿಯಲ್ ಅನ್‌ಸರ್ಟೆನ್ಟಿ' (ಗಂಭೀರ ಅನಿಶ್ಚಿತತೆ) ಎಂಬ ಪದ ಇದ್ದರೆ ಆ ಪ್ಯಾರಾವನ್ನು ಎರಡು ಸಲ ಓದಿ.

ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣವಿದೆ. 100 ರೂಪಾಯಿ ಶುಲ್ಕ ಕಟ್ಟಿ ವಾರ್ಷಿಕ ಲೆಕ್ಕಪತ್ರದ ಎಒಸಿ-4 ಕಡತ ತೆರೆಯಬಹುದು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುವುದೇ ಅನುಮಾನವಾದ 2025ರ ಆಗಸ್ಟ್‌ನಲ್ಲಿ ಕ್ಲಬ್ ಮೊದಲ ತಂಡದ ಸಂಬಳ ತಡೆಹಿಡಿಯಿತು. ಹಾಗಾಗಿ ಇಲ್ಲಿ ಮಾಡಬೇಕಾದದ್ದು ಲೀಗ್‌ನ ಹಣವನ್ನೇ ಸೊನ್ನೆ ಮಾಡಿ ನೋಡುವ ಲೆಕ್ಕ.

ಅಭಿಮಾನಿ ಸಲಹಾ ಮಂಡಳಿಯ ಸಭೆಗೆ ಹೋಗುವವರು ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಎಷ್ಟು ಆಟಗಾರರ ಒಪ್ಪಂದದಲ್ಲಿ ಇಳಿಕೆಯ ಕಡಿತ ಇದೆ? ಮುಂದಿನ 12 ತಿಂಗಳಲ್ಲಿ ಕಟ್ಟಬೇಕಾದ ಟ್ರಾನ್ಸ್‌ಫರ್ ಕಂತು ಎಷ್ಟು? ಸ್ಟೇಡಿಯಂ ಯಾವ ಕಂಪನಿಯ ಹೆಸರಿನಲ್ಲಿದೆ? ಹೆಸರು ಹಿಡಿದು ಯಾರ ಸಂಬಳವನ್ನೂ ಕೇಳಬೇಡಿ. ಅದಕ್ಕೆ ಉತ್ತರ ಸಿಗುವುದಿಲ್ಲ, ಸಭೆಯ ಸಮಯ ಅದರಲ್ಲೇ ಮುಗಿದುಹೋಗುತ್ತದೆ.